ಕರೆಂಟಿನ ಪಾಠ ಪಂಪ್‌ಮನೆಯ ಮುಂದೆ ಆಗಲಿ

ಮಕ್ಕಳಿಗೆ ವಿಜ್ಞಾನ ಯಾಕೆ ಕಲಿಸಬೇಕು ಅಂತ ಕೇಳಿದರೆ ನಮ್ಮ ಕಡೆ ಸಿಗುವ ಉತ್ತರ ಒಂದೇ. ಡಾಕ್ಟರ್ ಆಗಲಿಕ್ಕೆ, ಇಂಜಿನಿಯರ್ ಆಗಲಿಕ್ಕೆ. ಒಕ್ಕಲುತನ ಮಾಡುವವನಿಗೆ ಅದರ ಗೊಡವೆ ಯಾಕೆ ಅನ್ನುವ ಭಾವನೆ ಪಾಲಕರಲ್ಲೂ ಐತಿ, ಕೆಲವು ಮಾಸ್ತರರಲ್ಲೂ ಐತಿ. ನಾನು ಇದನ್ನು ಒಪ್ಪುವುದಿಲ್ಲ. ಆರು, ಏಳು, ಎಂಟನೆಯ ಇಯತ್ತೆಯ ಪುಸ್ತಕದಲ್ಲಿರುವ ಶಕ್ತಿ, ಶಬ್ದ, ವಿದ್ಯುತ್ತಿನ ಪಾಠ ಎಲ್ಲರಿಗಿಂತ ಮೊದಲು ಬೇಕಾದದ್ದು ಬೋರಿನ ಸ್ಟಾರ್ಟರ್ ಒತ್ತುವವನಿಗೆ, ಬಯಲಲ್ಲಿ ಕುರಿ ಕಾಯುವವನಿಗೆ. ನಾನು ಕಲಿತದ್ದು ಏಳನೆಯ ಇಯತ್ತೆ. ಕೆಳಗೆ ಬರೆದ ಲೆಕ್ಕಕ್ಕೆ ಗುಣಾಕಾರ, ಭಾಗಾಕಾರ ಬಂದರೆ ಸಾಕು, ಹೆಚ್ಚಿನ ವಿದ್ಯೆ ಬೇಕಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಮಕ್ಕಳಿಗೆ ಶಕ್ತಿಯ ಪಾಠಕ್ಕೆ ಪುಸ್ತಕದ ಚಿತ್ರವೂ ಬೇಡ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಸುಮಾರು 52 ಮೀಟರ್, ಅಂದರೆ 170 ಅಡಿ ಕೆಳಗೆ ಬೀಳುತ್ತಾಳೆ. ಈ ನೀರಿನ ಬಲ ನೋಡಿಯೇ 1885ರಲ್ಲಿ ಅಲ್ಲಿ ಕಂಪನಿ ಹುಟ್ಟಿತು, 1887ರಲ್ಲಿ ನೂಲಿನ ಗಿರಣಿ ಶುರುವಾಯಿತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದದ್ದು 1902ರಲ್ಲಿ. ಅದಕ್ಕೂ 15 ವರ್ಷ ಮೊದಲೇ ನಮ್ಮ ಹೊಳೆಯ ನೀರು ಗಿರಣಿ ತಿರುಗಿಸುತ್ತಿತ್ತು. ಈಗ ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನ ಬುಡದಲ್ಲೂ ಕರೆಂಟಿನ ಪವರ್ ಹೌಸ್ ಐತಿ. ಶಾಲೆಯ ಹುಡುಗರು ವರ್ಷಕ್ಕೊಮ್ಮೆ ಫಾಲ್ಸಿಗೆ ಹೋಗುತ್ತಾರೆ, ತೂಗು ಸೇತುವೆ ಮೇಲೆ ಓಡಾಡುತ್ತಾರೆ, ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಫೋಟೋ ತೆಗೆಸಿಕೊಂಡು ಬರುತ್ತಾರೆ. ಈ ನೀರಿನಲ್ಲಿ ಎಷ್ಟು ಶಕ್ತಿ ಐತಿ ಅಂತ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ನಾವೇ ಕೇಳೋಣ. ಒಂದು ಲೀಟರ್ ನೀರು ಒಂದು ಕಿಲೋ ತೂಕ. ಒಂದು ಕಿಲೋ ವಜನು ಒಂದು ಮೀಟರ್ ಇಳಿದರೆ ಹತ್ತಿರಹತ್ತಿರ 10 ಜೌಲ್ ಶಕ್ತಿ. ಅದನ್ನೇ ಒಂದು ಮೀಟರ್ ಮೇಲೆ ಎತ್ತಬೇಕಾದರೂ ಅಷ್ಟೇ ಶಕ್ತಿ. ಹಾಗಾದರೆ ಫಾಲ್ಸಿನಿಂದ ಬಿದ್ದ ಒಂದು ಲೀಟರಿಗೆ 520 ಜೌಲ್. ಕರೆಂಟಿನ ಒಂದು ಯುನಿಟ್ ಅಂದರೆ 36 ಲಕ್ಷ ಜೌಲ್. ಭಾಗಿಸಿ ನೋಡಿದರೆ ಸುಮಾರು 7,000 ಲೀಟರ್ ಬರುತ್ತದೆ. ಒಂದು ದೊಡ್ಡ ಟ್ಯಾಂಕರಿನಷ್ಟು ನೀರು 170 ಅಡಿ ಬಿದ್ದರೆ ಒಂದು ಯುನಿಟ್, ಅದೂ ಒಂದು ಹನಿ ಶಕ್ತಿ ಪೋಲಾಗದಿದ್ದರೆ. ತಿರುಗುವ ಯಂತ್ರದಲ್ಲಿ ಸ್ವಲ್ಪ ಪೋಲಾಗಿಯೇ ಆಗುತ್ತದೆ, ಆದ್ದರಿಂದ ಎಂಟು ಸಾವಿರ ಲೀಟರ್ ಅಂತ ಹಿಡಿಯಿರಿ.

ಇನ್ನು ಅದೇ ಯುನಿಟ್ಟನ್ನು ನಮ್ಮ ಹೊಲಕ್ಕೆ ತರೋಣ. ಕಾಲುವೆಯ ಕೆಳಗಿನವರಿಗೆ ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುತ್ತದೆ, ಎತ್ತುವ ಕೆಲಸವನ್ನು ಭೂಮಿಯೇ ಮಾಡಿ ಕೊಡುತ್ತದೆ. ಒಣಬೇಸಾಯದ ನಮ್ಮಂಥವರದ್ದು ಉಲ್ಟಾ. ಬೋರಿನಲ್ಲಿ ನೀರು 300 ಅಡಿಯ ಕೆಳಗೆ ನಿಂತಿದ್ದರೆ 91 ಮೀಟರ್ ಎತ್ತಬೇಕು, ಅಂದರೆ ಲೀಟರಿಗೆ 910 ಜೌಲ್. ಒಂದು ಯುನಿಟ್ ಖರ್ಚು ಮಾಡಿದರೆ ಹೆಚ್ಚೆಂದರೆ 4,000 ಲೀಟರ್ ಮೇಲೆ ಬರಬೇಕು. ಇಲ್ಲಿ ಒಂದು ಮಾತು. ಬೋರು 500 ಅಡಿ ಕೊರೆದಿದ್ದರೂ ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೋಟರ್ ನಡೆಯುವಾಗ ನೀರು ನಿಂತ ಮಟ್ಟ, ಬೋರಿನ ತಳ ಅಲ್ಲ.

ಏಳನೆಯ ಇಯತ್ತೆಯಲ್ಲಿ ಕಲಿಯುವ ಪಕ್ಕದ ಹೊಲದ ಹುಡುಗನನ್ನು ಒಮ್ಮೆ ಕೇಳಿದೆ, "ಯುನಿಟ್ ಅಂದ್ರ ಏನೋ?" ಅಂತ. "ಬಿಲ್ಲಿನ್ಯಾಗ ಬರ್ದಿರ್ತಾರಲ್ರಿ ಕಾಕಾ, ಅದು" ಅಂದ. ಅವನದೇನೂ ತಪ್ಪಿಲ್ಲ. ಸೆಲ್ಲು, ಬಲ್ಬು, ಸ್ವಿಚ್ಚಿನ ಮಂಡಲ ಚಂದಾಗಿ ಬರೆದು ತೋರಿಸಿದ. ಆದರೆ ಅವರಪ್ಪನ ಐದು ಎಚ್‌ಪಿ ಮೋಟರ್ ತಾಸಿಗೆ ಎಷ್ಟು ಯುನಿಟ್ ತಿನ್ನುತ್ತದೆ ಅನ್ನುವುದು ಅವನಿಗೂ ಗೊತ್ತಿಲ್ಲ, ಅವರಪ್ಪನಿಗೂ ಗೊತ್ತಿಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಐದು ಎಚ್‌ಪಿಗೆ 3,730. ಮೋಟರಿನ ಒಳಗೆ ಪೋಲಾಗುವುದನ್ನು ಕೂಡಿಸಿದರೆ ತಾಸಿಗೆ ಐದು ಯುನಿಟ್ಟಿನ ಆಸುಪಾಸು.

ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಪುಕ್ಕಟೆ. ಇದು ರೈತರಿಗೆ ಬೇಕಾದದ್ದೇ, ನಾನು ಅದರ ವಿರುದ್ಧ ಬರೆಯುತ್ತಿಲ್ಲ. ಆದರೆ ಬಿಲ್ಲು ಇಲ್ಲದ ಮೇಲೆ ಯುನಿಟ್ಟಿನ ಲೆಕ್ಕ ಇಡುವವರೂ ಇಲ್ಲ. ಬಿಲ್ಲಿನಲ್ಲಿ ಕೊಡದ ರೊಕ್ಕವನ್ನು ನಾವು ರಿವೈಂಡಿಂಗ್ ಅಂಗಡಿಯಲ್ಲಿ ಕೊಡುತ್ತಿದ್ದೇವೆ. ನಮ್ಮ ಪಟ್ಟಿಯಲ್ಲೇ ಒಬ್ಬರ ಮೋಟರ್ ಒಂದೇ ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತು. ಎತ್ತುವ ಖರ್ಚು, ಸುತ್ತುವ ಖರ್ಚು, ಇಳಿಸುವ ಖರ್ಚು, ಅಷ್ಟರಲ್ಲಿ ಒಣಗಿದ ಬದನೆ ಬೇರೆ. ಅವರು ಬೈದದ್ದು ಮೋಟರ್ ಕಂಪನಿಗೆ.

ಮೋಟರ್ ಯಾಕೆ ಸುಡುತ್ತದೆ ಅನ್ನುವುದಕ್ಕೆ ಉತ್ತರ ಮಕ್ಕಳ ಪುಸ್ತಕದಲ್ಲೇ ಐತಿ, "ವಿದ್ಯುತ್ತಿನ ಉಷ್ಣ ಪರಿಣಾಮ" ಅಂತ. ತಂತಿಯಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು ಆಗುತ್ತದೆ. ಮೋಟರಿಗೆ 415 ವೋಲ್ಟ್ ಬರುವ ಕಡೆ 330 ಬಂದರೆ, ನೀರು ಎತ್ತುವ ಕೆಲಸ ಅಷ್ಟೇ ಇರುವುದರಿಂದ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ಕಾಲು ಭಾಗ ಹೆಚ್ಚು ಎಳೆದರೂ ಸುರುಳಿಯ ಬಿಸಿ ಒಂದೂವರೆ ಪಟ್ಟಿನ ಮೇಲೆ ಹೋಗುತ್ತದೆ. ಇದನ್ನು ತಡೆಯಲಿಕ್ಕೆ ಫ್ಯೂಜ್ ಐತಿ, ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಐತಿ. ನಾವು ಏನು ಮಾಡುತ್ತೇವೆ? ಪದೇಪದೇ ಟ್ರಿಪ್ ಆಗುತ್ತದೆ ಅಂತ ರಿಲೇ ಕಟ್ಟಿ ಹಾಕುತ್ತೇವೆ, ಫ್ಯೂಜಿಗೆ ದಪ್ಪ ತಾಮ್ರದ ತಂತಿ ಬಿಗಿಯುತ್ತೇವೆ. ಆಮೇಲೆ ಫ್ಯೂಜ್ ಉಳಿಯುತ್ತದೆ, ಮೋಟರಿನ ಸುರುಳಿಯೇ ಫ್ಯೂಜ್ ಆಗಿ ಕರಗುತ್ತದೆ.

ವೋಲ್ಟೇಜ್ ಇಳಿಯುವುದಕ್ಕೆ ಕೊಡುವವರ ಕಡೆಯಿಂದ ಎಷ್ಟೋ ಕಾರಣ ಇರಬಹುದು. ನಮ್ಮ ಕಡೆಯಿಂದಲೂ ಒಂದು ಐತಿ, ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕ್ಷಣಕ್ಕೆ ಪಟ್ಟಿಯ ಎಲ್ಲಾ ಮೋಟರು ಒಟ್ಟಿಗೇ ಎದ್ದು ನಿಲ್ಲುತ್ತವೆ. ಮೋಟರ್ ಶುರುವಾಗುವಾಗ ನಡೆಯುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. 63 ಕೆವಿಎ ಟಿ.ಸಿ. ಒಂದು ಫೇಸಿಗೆ 85 ಆಂಪಿಯರಿನ ಆಸುಪಾಸು ತಾಳುತ್ತದೆ. ಎಂಟೆಂಟು ಆಂಪಿಯರಿನ ಹತ್ತು ಮೋಟರು ನಡೆದರೆ 80, ಹಾಗೂ ಹೀಗೂ ಸರಿ. ಆ ಹತ್ತೂ ಒಮ್ಮೆಲೇ ಎದ್ದರೆ 400 ದಾಟುತ್ತದೆ. ಟಿ.ಸಿ. ಉಳಿಯುವುದು ಹೇಗೆ? ಒಬ್ಬೊಬ್ಬರು ಎರಡೆರಡು ನಿಮಿಷ ಹಿಂದುಮುಂದಾಗಿ ಶುರುವಾಗುವಂತೆ ಟೈಮರ್ ಇಟ್ಟುಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ಇದನ್ನು ಹಿರಿಯರ ಸಭೆಯಲ್ಲಿ ಹೇಳಿದರೆ "ನಾ ಯಾಕ ಹಿಂದ ನಿಂದ್ರಲಿ?" ಅನ್ನುತ್ತಾರೆ. ಶಾಲೆಯಲ್ಲಿ ಲೆಕ್ಕ ಮಾಡಿದ ಮಗ ಮನೆಯಲ್ಲಿ ಹೇಳಿದರೆ ಕೇಳುತ್ತಾರೆ ಅನ್ನುವುದು ನನ್ನ ಆಸೆ.

ಮೋಟರ್ ಸುಟ್ಟರೆ ಮತ್ತೊಂದು ತರಬಹುದು. ಟಿ.ಸಿ. ಕಂಬಕ್ಕೆ ಕೈ ಹಾಕಿ ಹೋದವನನ್ನು ತರಲಿಕ್ಕೆ ಆಗುವುದಿಲ್ಲ. ಲೈನ್‌ಮ್ಯಾನ್ ಬರುವುದು ತಡ ಅಂತ ನಮ್ಮ ಹುಡುಗರೇ ಫ್ಯೂಜ್ ಹಾಕಲು ಹತ್ತುತ್ತಾರೆ. "ಆ ಫೇಸ್ ಸತ್ತೈತಿ ಬಿಡ್ರಿ" ಅಂತ ಧೈರ್ಯ. ಮೂರು ಫೇಸಿನಲ್ಲಿ ಒಂದು ಹೋದರೆ ಆ ತಂತಿ ಸತ್ತಿತು ಅಂತ ಎಂದೂ ತಿಳಿಯಬಾರದು. ಉಳಿದ ಎರಡು ಫೇಸಿನ ಮೇಲೆ ಯಾರದೋ ಮೋಟರ್ ತಿರುಗುತ್ತಿರುತ್ತದೆ, ಅದರ ಸುರುಳಿ ಹಾಯ್ದು ಕರೆಂಟು ಹಿಂದಿನಿಂದ ಅದೇ ತಂತಿಗೆ ಬಂದು ಕೂತಿರುತ್ತದೆ. ರಾತ್ರಿ ಸಿಂಗಲ್ ಫೇಸಿನಲ್ಲಿ ಕಂಡೆನ್ಸರ್ ಹಾಕಿ ತ್ರೀ ಫೇಸ್ ಮೋಟರ್ ಓಡಿಸುವವರು ಇದ್ದಾಗಲಂತೂ ಯಾವ ತಂತಿ ಜೀವಂತ ಅಂತ ಹೇಳುವವರೇ ಇಲ್ಲ. ಸೆಲ್ಲು ಬಲ್ಬಿನ ಮಂಡಲ ಕಲಿತ ಹುಡುಗನಿಗೆ ಇದೊಂದು ಚಿತ್ರ ಹೆಚ್ಚಿಗೆ ತೋರಿಸಿದರೆ ಸಾಕು, ಅವನು ಕಂಬ ಹತ್ತುವುದಿಲ್ಲ, ಅಪ್ಪನನ್ನೂ ಹತ್ತಗೊಡುವುದಿಲ್ಲ.

ಶಬ್ದದ ಅಲೆಯ ಪಾಠವೂ ಹೀಗೆಯೇ. ಪುಸ್ತಕದಲ್ಲಿ ತಂಬೂರಿ ತಂತಿ, ಗಂಟೆ, ತಬಲಾ ಬರುತ್ತವೆ, ಬರಲಿ. ನಮಗೆ ಬೇಕಾದದ್ದು ಗುಡುಗು. ಮುಂಗಾರಿಗೆ ಮೊದಲು ಬರುವ ಅಡ್ಡಮಳೆಯಲ್ಲಿ, ಆಮೇಲೆ ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಸಿಡಿಲಿಗೆ ಆಳು, ಎತ್ತು ಎರಡನ್ನೂ ಕಳಕೊಂಡ ಮನೆಗಳು ನಮ್ಮ ಬಯಲು ಸೀಮೆಯಲ್ಲಿ ಅದಾವ. ಮಿಂಚು ಕಂಡದ್ದು ಆ ಕ್ಷಣಕ್ಕೇ ಕಾಣುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ ನಡೆಯುತ್ತದೆ, ಅಂದರೆ ಒಂದು ಕಿಲೋಮೀಟರಿಗೆ ಮೂರು ಸೆಕೆಂಡ್. ಮಿಂಚಿದ ಕೂಡಲೇ ಎಣಿಸಲು ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ, ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ದೂರ ಅಂತ ಸಿಗುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಹೊಲದಲ್ಲಿ ನಿಲ್ಲಬಾರದು, ಪಕ್ಕಾ ಮನೆಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊರಗೆ ಬರಬಾರದು. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ ದಾಮಿನಿ ಅನ್ನುವ ಆ್ಯಪ್ ಮೊಬೈಲಿನಲ್ಲಿ ಸಿಡಿಲಿನ ಮುನ್ಸೂಚನೆ ಕೊಡುತ್ತದೆ, ಅದೂ ಇರಲಿ. ಆದರೆ ನೆಟ್‌ವರ್ಕ್ ಇಲ್ಲದ ಮಡ್ಡಿಯಲ್ಲಿ ಎಣಿಕೆಯೇ ಗತಿ.

ಒಂಟಿ ಬೇವಿನ ಮರದ ಕೆಳಗೆ ನಿಂತವರು ಯಾಕೆ ಸಾಯುತ್ತಾರೆ, ಅಲ್ಲೇ ಕಟ್ಟಿದ ಎತ್ತು ಯಾಕೆ ಬೇಗ ಸಾಯುತ್ತದೆ ಅನ್ನುವುದೂ ವಿದ್ಯುತ್ತಿನ ಪಾಠವೇ. ಮರಕ್ಕೆ ಬಿದ್ದ ಸಿಡಿಲು ನೆಲದಲ್ಲಿ ಸುತ್ತ ಹರಡುತ್ತದೆ. ಬುಡದ ಹತ್ತಿರ ವೋಲ್ಟೇಜ್ ಹೆಚ್ಚು, ದೂರ ಹೋದಂತೆ ಕಡಿಮೆ. ದನದ ಮುಂಗಾಲಿಗೂ ಹಿಂಗಾಲಿಗೂ ನಡುವೆ ಮಾರುದ್ದ ಅಂತರ ಇರುವುದರಿಂದ ವೋಲ್ಟೇಜಿನ ವ್ಯತ್ಯಾಸ ದೊಡ್ಡದಾಗುತ್ತದೆ, ಕರೆಂಟು ಒಂದು ಕಾಲಿನಿಂದ ಹತ್ತಿ ಎದೆ ಹಾಯ್ದು ಇನ್ನೊಂದು ಕಾಲಿನಿಂದ ಇಳಿಯುತ್ತದೆ. ತಂತಿ ಹರಿದು ಬಿದ್ದ ಕಡೆಯೂ ಇದೇ ಲೆಕ್ಕ. ಹತ್ತಿರ ಇದ್ದವರು ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ ಸಣ್ಣಸಣ್ಣಗೆ ಸರಿಸುತ್ತಾ ದೂರ ಹೋಗಬೇಕು, ಓಡಬಾರದು.

ಮಾಸ್ತರರ ಕಷ್ಟವೂ ನನಗೆ ಗೊತ್ತೈತಿ. ಸಿಲಬಸ್ ಮುಗಿಸಬೇಕು, ಮಕ್ಕಳನ್ನು ಹೊರಗೆ ಒಯ್ದರೆ ಜವಾಬ್ದಾರಿ ಯಾರದು? ಪಂಪ್‌ಮನೆಯ ಮುಂದೆ ಪಾಠ ಆಗಲಿ ಅಂದರೆ ಮಕ್ಕಳು ಸ್ಟಾರ್ಟರ್ ಬಿಚ್ಚಲಿ ಅಂತ ನಾನು ಹೇಳುತ್ತಿಲ್ಲ. ಪೆಟ್ಟಿಗೆಗೆ ಕೈಯೇ ತಾಗಿಸುವುದು ಬೇಡ. ಒಂದು ಬ್ಯಾರಲ್, ಒಂದು ಗಡಿಯಾರ ಸಾಕು. ಮನೆಯ ಮೀಟರಿನಲ್ಲಿ ಕೆಂಪು ದೀಪ ಮಿಣುಕುತ್ತದಲ್ಲ, ಎಷ್ಟು ಸಲ ಮಿಣುಕಿದರೆ ಒಂದು ಯುನಿಟ್ ಅಂತ ಅದರ ಮೇಲೇ ಬರೆದಿರುತ್ತದೆ. ಮಿಕ್ಸರ್ ಹಚ್ಚಿದಾಗ ಎಷ್ಟು, ಬರೀ ಬಲ್ಬಿಗೆ ಎಷ್ಟು ಅಂತ ಮಕ್ಕಳೇ ಎಣಿಸಲಿ.

ಹುಕ್ಕೇರಿಯವರಿಗೆ ಇನ್ನೊಂದು ಕಾರಣಕ್ಕೂ ಈ ಪಾಠ ಬೇಕು. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆಯಿತು. ದೇಶದಲ್ಲಿ ಮೊದಲು ಪ್ರಯೋಗಕ್ಕೆ ಆರಿಸಿದ ಐದು ಸಂಘಗಳಲ್ಲಿ ಅದೂ ಒಂದು, ಕರ್ನಾಟಕದಲ್ಲಿ ಅಂಥದ್ದು ಅದೊಂದೇ. ಗೋಕಾಕ, ಮೂಡಲಗಿಯ ನಾವು ಕಂಪನಿಯ ಗಿರಾಕಿಗಳು, ಹುಕ್ಕೇರಿಯವರು ಕರೆಂಟಿನ ಸಂಘಕ್ಕೆ ಸದಸ್ಯರು. ಹಾಲಿನ ಸಂಘದ ಸದಸ್ಯನಿಗೆ ಫ್ಯಾಟ್ ಅಂದರೆ ಏನು ಅಂತ ಗೊತ್ತಿರುತ್ತದೆ, ಡೇರಿಯಲ್ಲಿ ನಿಂತು ವಾದ ಮಾಡುತ್ತಾನೆ. ಕರೆಂಟಿನ ಸಂಘದ ಸದಸ್ಯನಿಗೆ ಯುನಿಟ್ ಅಂದರೇನು, ದಾರಿಯಲ್ಲಿ ತಂತಿ ಬಿಸಿಯಾಗಿ ಪೋಲಾಗುವುದು ಎಷ್ಟು ಅಂತ ಕೇಳಲು ಬರಬೇಡವೇ? ನಮ್ಮ ಮಕ್ಕಳಲ್ಲಿ ಯಾರೋ ಒಬ್ಬರು ನಾಳೆ ಆ ಸಭೆಯಲ್ಲಿ ಕೂಡುವವರೇ.

ಓದುಗರಲ್ಲಿ ಬೋರು ಇದ್ದವರು ಈ ತಿಂಗಳು ಒಂದು ಕೆಲಸ ಮಾಡ್ರಿ. ಮನೆಯ ಮಗ ಅಥವಾ ಮಗಳ ಕೈಯಿಂದಲೇ ಮಾಡಿಸ್ರಿ. 200 ಲೀಟರಿನ ಬ್ಯಾರಲ್ ಎಷ್ಟು ಸೆಕೆಂಡಿನಲ್ಲಿ ತುಂಬಿತು, ನೀರಿನ ಮಟ್ಟ ಎಷ್ಟು ಅಡಿ, ಮೋಟರ್ ಎಷ್ಟು ಎಚ್‌ಪಿ, ಈ ಮೂರನ್ನು ಬರೆದು ಪತ್ರಿಕೆಗೆ ಕಳಿಸ್ರಿ. 300 ಅಡಿ ಮಟ್ಟದಿಂದ ಐದು ಎಚ್‌ಪಿ ಮೋಟರ್ ಒಂದೂವರೆ ನಿಮಿಷಕ್ಕೆ ಬ್ಯಾರಲ್ ತುಂಬಿಸಿದರೆ ತಿಂದ ಐದು ಯುನಿಟ್ಟಿನಲ್ಲಿ ಎರಡು ಯುನಿಟ್ಟಿನ ಕೆಲಸ ಆಗುತ್ತಿದೆ ಅಂತ ಲೆಕ್ಕ. ಮೂರು ನಿಮಿಷ ಹಿಡಿದರೆ ಒಂದೇ ಯುನಿಟ್ಟಿನದು, ಆಗ ಪಂಪನ್ನು ಮೇಲೆತ್ತಿ ಇಂಪೆಲ್ಲರ್ ಸವೆದಿದೆಯೋ, ಪೈಪು ಸೋರುತ್ತಿದೆಯೋ ನೋಡಿಸಬೇಕು. ಈಗೊಮ್ಮೆ ಅಳೆದವರು ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಅಳೆದು, ಎರಡೂ ಅಂಕಿ ಒಟ್ಟಿಗೇ ಕಳಿಸಿದರೆ ಇನ್ನೂ ಚಲೋ.