ಎತ್ತಿನಹೊಳೆ ನೀರಿನ ಲೆಕ್ಕ ಬೆಳೆಗಾರರ ಮುಂದೆ ಬರಲಿ

ನಮ್ಮ ಹೊಳೆಯ ನೀರನ್ನು ಚಿಕ್ಕಬಳ್ಳಾಪುರದವರು ಹೊಡೆದುಕೊಂಡು ಹೋಗುತ್ತಿದ್ದಾರೆ ಎಂಬ ಮಾತು ಸದಸ್ಯ ಬಾಂಧವರಲ್ಲಿ ಹಲವರ ಬಾಯಲ್ಲಿ ಕೇಳಿಬರುತ್ತಿದೆ. ಸಂಘದ ಕಾರ್ಯದರ್ಶಿಯಾಗಿ ನಾನು ಈ ಮಾತಿಗೆ ತಲೆದೂಗಲಾರೆ. ಸಕಲೇಶಪುರದ ಬೆಳೆಗಾರ ಮತ್ತು ಚಿಂತಾಮಣಿಯ ರೈತ ಪರಸ್ಪರ ದೂರುತ್ತಾ ಕುಳಿತರೆ ಅನುಕೂಲವಾಗುವುದು ಇಬ್ಬರಿಗೂ ಲೆಕ್ಕ ಒಪ್ಪಿಸಬೇಕಾದ ಸರಕಾರಕ್ಕೆ ಮಾತ್ರ.

ಆ ಕಡೆಯ ಸ್ಥಿತಿಯನ್ನು ಮೊದಲು ತಿಳಿಯೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಇವು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ತಾಲ್ಲೂಕುಗಳು. ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ. ವರ್ಷಪೂರ್ತಿ ಹರಿಯುವುದು ಒಂದೂ ಇಲ್ಲ. ಕನ್ನಂಬಾಡಿಯ ಹೆಸರಿನೊಂದಿಗೆ ನಾವು ನೆನೆಯುವ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇರುವುದೂ ಈ ಹೊಳೆಯಿಲ್ಲದ ಸೀಮೆಯಲ್ಲೇ. ಹಿಂದಿನವರು ಕೆರೆ ಕಟ್ಟಿಕೊಂಡು ಬಾಳಿದರು. ಕೆರೆಗೆ ಹೂಳು ತುಂಬಿತು, ನೀರು ಬರುವ ಕಾಲುವೆಗಳು ಒತ್ತುವರಿಯಾದವು, ಕೊಳವೆಬಾವಿ ಸಾವಿರ ಅಡಿ ದಾಟಿತು. ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ದೇಶಕ್ಕೇ ದೊಡ್ಡದೆನ್ನುವವುಗಳಲ್ಲಿ ಒಂದು. ಅಲ್ಲಿಗೆ ಗೂಡು ತರುವವನ ಹಿಪ್ಪುನೇರಳೆ ತೋಟ ಇಂಥ ನೀರಿನ ಮೇಲೆಯೇ ನಿಂತಿದೆ. ನಮ್ಮಲ್ಲಿ ಹೂಮಳೆ ತಪ್ಪಿದರೆ ಆ ವರ್ಷದ ಕಾಫಿ ಹೋಗುತ್ತದೆ. ಅವನ ಬೋರು ಬತ್ತಿದರೆ ಬೆಳೆಯೂ ಹೋಗಿ, ಬೋರಿಗೆ ಮಾಡಿದ ಸಾಲ ಉಳಿಯುತ್ತದೆ. ಇಂಥವರು ನೀರು ಕೇಳಿದ್ದರಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ.

ತಪ್ಪು ಇರುವುದು ಅವರಿಗೆ ಮಾತು ಕೊಟ್ಟ ರೀತಿಯಲ್ಲಿ. ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಬಿಜೆಪಿ ಸರಕಾರವಿದ್ದಾಗ 8,323 ಕೋಟಿ ರೂಪಾಯಿಗೆ ಮಂಜೂರಾತಿ ದೊರೆಯಿತು. 2014ರ ಮಾರ್ಚ್ 3ರಂದು ಕಾಂಗ್ರೆಸ್ ಸರಕಾರದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಶಂಕುಸ್ಥಾಪನೆ ಮಾಡಿದರು. ಎಲ್ಲಿ? ನೀರು ಎತ್ತುವ ಸಕಲೇಶಪುರದಲ್ಲಲ್ಲ, ಚಿಕ್ಕಬಳ್ಳಾಪುರದಲ್ಲಿ. ಎರಡು ದಿನ ಕಳೆದು, ಮಾರ್ಚ್ 5ರಂದು, ಲೋಕಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾಯಿತು. ಅಂದಿನಿಂದ ಅಧಿಕಾರಕ್ಕೆ ಬಂದ ಪಕ್ಷಗಳೆಲ್ಲವೂ ಈ ಯೋಜನೆಯನ್ನು ತಮ್ಮದೆಂದವು, ಒಂದೂ ಕೈಬಿಡಲಿಲ್ಲ. ವೆಚ್ಚ ಮಾತ್ರ 12,912 ಕೋಟಿಗೆ ಏರಿ, 2023ರಲ್ಲಿ 23,251 ಕೋಟಿಗೆ ಮುಟ್ಟಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಕೊಟ್ಟರು. ಮುಂದಿನ ಕಾಲುವೆ ಪೂರ್ತಿಯಾಗಿರದ ಕಾರಣ ಎತ್ತಿದ ನೀರು ವೇದಾವತಿ ಕಣಿವೆಗೆ ಇಳಿದು ವಾಣಿವಿಲಾಸ ಸಾಗರದ ದಾರಿ ಹಿಡಿಯಿತು. ಶಂಕುಸ್ಥಾಪನೆಯಾಗಿ ಹತ್ತು ವರ್ಷ ಕಳೆದಿದ್ದರೂ ಆ ದಿನ ಗೌರಿಬಿದನೂರಿಗೆ ಒಂದು ಕೊಡ ನೀರು ಸೇರಲಿಲ್ಲ.

ಇನ್ನು ನೀರಿನ ಪ್ರಮಾಣ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗದಹಳ್ಳ ಇವುಗಳಿಗೆ ಎಂಟು ಒಡ್ಡು ಕಟ್ಟಿ, ಮಳೆಗಾಲದ ತಿಂಗಳುಗಳಲ್ಲಿ 24.01 ಟಿಎಂಸಿ ಎತ್ತಬಹುದೆಂದು ಸರಕಾರದ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡದವರು ಅಧ್ಯಯನ ಮಾಡಿ, ಆ ಜಲಾನಯನ ಪ್ರದೇಶದಲ್ಲಿ ದೊರೆಯುವುದೇ 9.55 ಟಿಎಂಸಿ ಎಂದರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಸುಮಾರು 23 ಸಾವಿರ ಎಕರೆಯ ಮೇಲೆ ಒಂದಡಿ ನಿಲ್ಲುವ ನೀರು. ಎರಡು ಲೆಕ್ಕಗಳ ನಡುವಿನ ಅಂತರವೇ ಮೂರು ಲಕ್ಷ ಎಕರೆಯ ಮೇಲೆ ಒಂದಡಿ ನಿಲ್ಲುವಷ್ಟಾಯಿತು. ನಮ್ಮ ಸಂಘದಲ್ಲಿ ಒಂದು ಮೂಟೆ ಅಡಿಕೆಯ ತೂಕದಲ್ಲಿ ಎರಡು ಕಿಲೋ ವ್ಯತ್ಯಾಸ ಕಂಡರೆ ಮತ್ತೆ ತಕ್ಕಡಿಗೆ ಏರಿಸುತ್ತೇವೆ, ಬೆಳೆಗಾರನ ಎದುರಿಗೇ. ಇಷ್ಟು ದೊಡ್ಡ ವ್ಯತ್ಯಾಸವನ್ನು ಇಟ್ಟುಕೊಂಡೇ ಸರಕಾರ ಕೊಳವೆಗಳನ್ನು ಹೂಳಿತು.

ಸರಿ, ಇದನ್ನೆಲ್ಲ ಕೇಳುವ ಅವಕಾಶ ನಮಗೆ ಯಾಕೆ ಬರಲಿಲ್ಲ? 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ನೀರಾವರಿ ಯೋಜನೆಗೆ ಮುಂಚಿತವಾಗಿ ಪರಿಸರ ಅನುಮತಿ ಬೇಕು, ಸ್ಥಳದಲ್ಲಿ ಜನರ ಅಹವಾಲು ಸಭೆ ನಡೆಯಬೇಕು. ಕುಡಿಯುವ ನೀರಿನ ಯೋಜನೆಗೆ ಅದು ಬೇಡ. ಎತ್ತಿನಹೊಳೆಗೆ ಕುಡಿಯುವ ನೀರಿನ ಯೋಜನೆ ಎಂಬ ಹೆಸರು ಬಂತು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಕಾಮಗಾರಿಗೆ ದಾರಿ ಬಿಟ್ಟಿತು. ಆದರೆ ಯೋಜನೆಯ ಕಾಗದದಲ್ಲೇ ನೋಡಿ: ಏಳು ಜಿಲ್ಲೆಗಳ ಕುಡಿಯುವ ನೀರಿಗೆ ಸುಮಾರು 14 ಟಿಎಂಸಿ, ಉಳಿದ 10 ಟಿಎಂಸಿಯಷ್ಟು 527 ಕೆರೆಗಳಿಗೆ. ಕೆರೆ ತುಂಬಿಸುವುದು ಒಳ್ಳೆಯ ಕೆಲಸವೇ. ಅದನ್ನು ಅದರ ಹೆಸರಿನಲ್ಲೇ ಕರೆದು, ಸಕಲೇಶಪುರದಲ್ಲೊಂದು, ಚಿಕ್ಕಬಳ್ಳಾಪುರದಲ್ಲೊಂದು ಸಭೆ ಕರೆದಿದ್ದರೆ ಯಾರ ಗಂಟು ಹೋಗುತ್ತಿತ್ತು? 24 ಟಿಎಂಸಿ ಎಂಬ ಸಂಖ್ಯೆ ಆ ಸಭೆಯಲ್ಲಿ ನಿಲ್ಲುತ್ತಿರಲಿಲ್ಲ ಎಂಬ ಅನುಮಾನ ನನ್ನದು. ಏಳು ಜಿಲ್ಲೆಗೆ ಹಂಚಿ ಬಂದ ಪಾಲು ಎಷ್ಟೆಂದು ಚಿಂತಾಮಣಿಯ ರೈತನೇ ಮೊದಲು ಕೇಳುತ್ತಿದ್ದ.

ಆ ನಾಲ್ಕು ತಾಲ್ಲೂಕುಗಳ ಜನ ಕಣ್ಣುಮುಚ್ಚಿ ನಂಬಿಕೊಂಡಿದ್ದಾರೆಂದು ತಿಳಿಯಬೇಡಿ. ಶಾಶ್ವತ ನೀರಾವರಿಗಾಗಿ ಹೋರಾಡುತ್ತಾ ಬಂದವರೇ ಈ ಯೋಜನೆಯ ನೀರಿನ ಲಭ್ಯತೆಯನ್ನು ಪ್ರಶ್ನಿಸಿದ್ದಾರೆ. ಹೆಬ್ಬಾಳ–ನಾಗವಾರ ಕಣಿವೆಯಿಂದ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧಿ ಮಾಡಿ ಅವರ ಕೆರೆಗೆ ಬಿಟ್ಟಾಗ, ಮೂರನೆಯ ಹಂತವನ್ನೂ ಮಾಡಿ ಎಂದು ಬೀದಿಗಿಳಿದವರೂ ಅವರೇ. ಹೊಳೆ ನೀರಿನ ಆಸೆ ತೋರಿಸಿ ಕೊಳಚೆ ನೀರು ಕಳಿಸಿದರು ಎಂಬ ಸಿಟ್ಟು ಅಲ್ಲಿದೆ. ನಮ್ಮ ಸಿಟ್ಟು, ತೋಟದ ನಡುವೆ ಕೊಳವೆ ಹಾಯ್ದು ಕಾಫಿ, ಮೆಣಸು, ಸಿಲ್ವರ್ ಮರ ಕಳೆದುಕೊಂಡವರ ಸಿಟ್ಟು, ಬೇರೆಯದಲ್ಲ.

ಆದ್ದರಿಂದ ಬರುವ ಆಡಳಿತ ಮಂಡಳಿ ಸಭೆಯ ಮುಂದೆ ಒಂದು ಸೂಚನೆ ಇಡುತ್ತಿದ್ದೇನೆ. ಎಂಟು ಒಡ್ಡುಗಳಲ್ಲಿ ದಿನವಹಿ ಎಷ್ಟು ನೀರು ಹರಿಯಿತು, ಎಷ್ಟು ಎತ್ತಿದರು, ಯಾವ ತಾಲ್ಲೂಕಿಗೆ ಎಷ್ಟು ಮುಟ್ಟಿತು ಎಂಬುದನ್ನು ತಿಂಗಳಿಗೊಮ್ಮೆ ಸಕಲೇಶಪುರದ ಮತ್ತು ಆ ನಾಲ್ಕೂ ತಾಲ್ಲೂಕುಗಳ ಕಚೇರಿಗಳ ಫಲಕದ ಮೇಲೆ ಹಾಕಬೇಕೆಂದು ಸರಕಾರವನ್ನು ಕೇಳುವುದು. ನೀರು ಬೇಡ ಎಂಬ ಬೇಡಿಕೆ ಇದರಲ್ಲಿಲ್ಲ, ಕೊಡುತ್ತೇವೆಂಬ ಉದಾರತೆಯೂ ಇಲ್ಲ; ಹೊಳೆ ನಮ್ಮ ಸಂಘದ ಆಸ್ತಿಯಲ್ಲವಷ್ಟೆ.

ಸರಕಾರ ಫಲಕ ಹಾಕುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವ ಪುಸ್ತಕ ಇದ್ದೇ ಇರುತ್ತದೆ. ಕೆಲವರಲ್ಲಿ ತಂದೆಯ ಕಾಲದ್ದೂ ಸಿಗಬಹುದು. ಆ ನಾಲ್ಕು ಹೊಳೆಗಳ ಆಸುಪಾಸಿನ ಸದಸ್ಯರು ಕಳೆದ ಇಪ್ಪತ್ತು ವರ್ಷಗಳ ಜೂನ್‌ನಿಂದ ಅಕ್ಟೋಬರ್‌ವರೆಗಿನ ಹಾಳೆಗಳ ನಕಲನ್ನು ಸಂಘದ ಕಚೇರಿಗೆ ತಲುಪಿಸಬೇಕೆಂದು ವಿನಂತಿ. ಎಲ್ಲವನ್ನೂ ಒಟ್ಟುಗೂಡಿಸಿ ಪಟ್ಟಿ ಮಾಡಿ, ಒಂದು ಪ್ರತಿಯನ್ನು ನೀರಾವರಿ ನಿಗಮಕ್ಕೂ ಇನ್ನೊಂದನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ರೈತ ಸಂಘಟನೆಗಳಿಗೂ ಕಳಿಸುವ ಹೊಣೆ ನನ್ನದು. ನಕಲಿನ ಖರ್ಚನ್ನು ಸಂಘ ಭರಿಸುತ್ತದೆ. ಮೂಲ ಪುಸ್ತಕವನ್ನು ಯಾರೂ ಕೊಟ್ಟುಬಿಡಬೇಡಿ.