ಉಣ್ಣಲು ಅಂಜುವವರಿಗೆ ಒಂದು ಮಾತು

‘ಲಂಘನಂ ಪರಮೌಷಧಂ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಜೀರ್ಣವಾದವನು ಒಂದು ಹೊತ್ತು ಊಟ ಬಿಟ್ಟು, ಮರುದಿನ ಗಂಜಿ ಕುಡಿದು, ಮೂರನೆಯ ದಿನ ಅನ್ನ ಸಾರಿಗೆ ಮರಳುತ್ತಿದ್ದ. ಔಷಧವೆಂದ ಮೇಲೆ ಅದಕ್ಕೊಂದು ಅಳತೆಯಿತ್ತು, ಮುಗಿಯುವ ದಿನವಿತ್ತು. ಈಗಿನ ಲಂಘನಕ್ಕೆ ಮುಗಿಯುವ ದಿನವೇ ಇಲ್ಲ. ನಮ್ಮ ಹಾಸ್ಟೆಲಿನಲ್ಲಿ ಅದನ್ನು ಆಚರಿಸುವವರ ಸಂಖ್ಯೆ ಏಕಾದಶಿ ಮಾಡುವವರ ಸಂಖ್ಯೆಯನ್ನು ಎಂದೋ ಮೀರಿದೆ. ಅವರಲ್ಲಿ ನಾನೂ ಒಬ್ಬಳಾಗಿದ್ದೆ. ಆದಕಾರಣ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಹದಿನಾಲ್ಕು ತಿಂಗಳ ಕಾಲ ನಾನು ದಿನಕ್ಕೆ ಸುಮಾರು 1,100 ಕ್ಯಾಲೊರಿಗಳಲ್ಲಿ ಕಾಲ ಹಾಕಿದೆ. ಇದು ಕೈ ಅಳತೆಯ ಲೆಕ್ಕ. ನಡುನಡುವೆ ಕದ್ದು ತಿಂದ ಕಡಲೆಮಿಠಾಯಿ ಇದರಲ್ಲಿ ಸೇರಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಹೆಚ್ಚು ಮೈಮುರಿದು ದುಡಿಯದ 55 ಕಿಲೋ ತೂಕದ ಹೆಂಗಸಿಗೂ ದಿನಕ್ಕೆ 1,660 ಕ್ಯಾಲೊರಿ ಬೇಕು. ಮೊದಲ ಎಂಟು ತಿಂಗಳಲ್ಲಿ 58 ಕಿಲೋ ಇದ್ದ ನಾನು 49ಕ್ಕೆ ಇಳಿದೆ. ಕಂಡವರೆಲ್ಲ ಹೊಗಳಿದರು. ಆಮೇಲೆ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕುಳಿತಿರುತ್ತಿದ್ದೆ. ಬಾಚಣಿಗೆಯ ತುಂಬ ಕೂದಲು. ಅರ್ಥಶಾಸ್ತ್ರದ ತರಗತಿಯಲ್ಲಿ ತೂಕಡಿಕೆ (ಇದಕ್ಕೆ ಉಪವಾಸವೊಂದೇ ಕಾರಣವೆಂದು ಹೇಳಲಾರೆ). ಕೊನೆಗೆ ನಾಲ್ಕು ತಿಂಗಳು ಮುಟ್ಟು ನಿಂತಾಗ ಅಮ್ಮ ಹೆದರಿ ಡಾಕ್ಟರ ಬಳಿಗೆ ಕರೆದೊಯ್ದರು. ಅವರು ರಕ್ತಪರೀಕ್ಷೆ ಮಾಡಿಸಿ, ಕಾಗದವನ್ನು ನೋಡಿ, “ಬೇರೆ ರೋಗ ಏನೂ ಇಲ್ಲಮ್ಮ, ಹೊಟ್ಟೆ ತುಂಬ ಊಟ ಮಾಡು” ಎಂದರು. ಅದಕ್ಕಿಂತ ಕಷ್ಟದ ಔಷಧವನ್ನು ಅವರು ಬರೆದುಕೊಡಲಾರದೆ ಹೋದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಮನೆಯ ಖರ್ಚಿಗೆ ಅನ್ವಯಿಸುತ್ತೇವೆ. ದೇಹ ಅದನ್ನು ನಮಗಿಂತ ನಿಷ್ಠೆಯಿಂದ ಪಾಲಿಸುತ್ತದೆ. ಕೊಬ್ಬು ಕರಗಿದಂತೆ ಅದರ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ರಸ ಕಡಿಮೆಯಾಗುತ್ತದೆ. ಇದನ್ನು ತಿಳಿದ ಮಿದುಳು ಬರಗಾಲ ಬಂದಿತೆಂದು ಬಗೆದು, ಒಂದೊಂದೇ ಖರ್ಚನ್ನು ಕತ್ತರಿಸುತ್ತದೆ. ಥೈರಾಯ್ಡಿನ ಟಿ-3 ತಗ್ಗುತ್ತದೆ, ನಾಡಿ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ. ಕೂತಲ್ಲಿ ಕಾಲಾಡಿಸುವ ಚಟ ಕೂಡ ನಿಂತುಹೋಗುತ್ತದೆ. ಹೆಂಗಸಿನ ದೇಹವಾದರೆ, ಮಗುವನ್ನು ಹೊರುವ ಸಿದ್ಧತೆಯನ್ನೇ ಕೈಬಿಡುತ್ತದೆ.

ಇದನ್ನು ಅತ್ಯಂತ ಕೂಲಂಕಷವಾಗಿ ಪರೀಕ್ಷಿಸಿ ನೋಡಿದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಯೂರೋಪಿನಲ್ಲಿ ಹಸಿದ ಕೋಟ್ಯಂತರ ಜನಕ್ಕೆ ಹೇಗೆ ಉಣಬಡಿಸಬೇಕೆಂಬುದು ಅವರ ಪ್ರಶ್ನೆ. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸೊಪ್ಪದ 36 ಮಂದಿ ಯುವಕರು ತಾವಾಗಿ ಮುಂದೆ ಬಂದು, ಕೊಲ್ಲುವುದರ ಬದಲು ಹಸಿಯುತ್ತೇವೆಂದರು. 1945ರ ಫೆಬ್ರವರಿಯಿಂದ 24 ವಾರಗಳ ಕಾಲ ಅವರಿಗೆ ದಿನಕ್ಕೆ ಎರಡೇ ಊಟ, ಸುಮಾರು 1,600 ಕ್ಯಾಲೊರಿ: ಆಲೂಗಡ್ಡೆ, ಟರ್ನಿಪ್, ಕಪ್ಪು ರೊಟ್ಟಿ, ಮ್ಯಾಕರೋನಿ. ವಾರಕ್ಕೆ 22 ಮೈಲಿ ನಡಿಗೆ. ದೇಹದ ತೂಕದ ಕಾಲುಭಾಗ ಕರಗಿತು. ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಶೇಕಡಾ 40ರಷ್ಟು ಇಳಿಯಿತು. ಬೇಸಗೆಯಲ್ಲೂ ಅವರು ಕಂಬಳಿ ಕೇಳಿದರು. ತಟ್ಟೆ ನೆಕ್ಕಿದರು; ಪಾಕಪುಸ್ತಕಗಳನ್ನು ಕಾದಂಬರಿಯಂತೆ ಓದಿದರು. ಈ ಸಂಗತಿಯನ್ನು ಓದಿದ ದಿನ ನನಗೆ ನಗು ಬಂದಿತು, ಆಮೇಲೆ ನಾಚಿಕೆಯಾಯಿತು; ಏಕೆಂದರೆ ನಾನೂ ರಾತ್ರಿ ದೀಪವಾರಿಸಿದ ಮೇಲೆ ಹೊದಿಕೆಯೊಳಗೆ ಮೊಬೈಲಿನಲ್ಲಿ ಒಬ್ಬಟ್ಟು ತಟ್ಟುವುದನ್ನು ನೋಡುತ್ತಿದ್ದೆ.

ಆದರೆ ನಮಗೆ ಬೇಕಾದುದು ಪ್ರಯೋಗದ ಉತ್ತರಾರ್ಧ. ಹಸಿವಿನ ಅವಧಿ ಮುಗಿದ ಮೇಲೆ ಅವರನ್ನು ನಾಲ್ಕು ಪಂಗಡ ಮಾಡಿ, ಒಂದಕ್ಕೆ 400, ಇನ್ನೊಂದಕ್ಕೆ 800, ಉಳಿದೆರಡಕ್ಕೆ 1,200 ಮತ್ತು 1,600 ಕ್ಯಾಲೊರಿ ಹೆಚ್ಚಿಗೆ ಕೊಟ್ಟರು. ಕೆಲವರಿಗೆ ವಿಟಮಿನ್ ಗುಳಿಗೆ, ಕೆಲವರಿಗೆ ಹೆಚ್ಚಿನ ಪ್ರೋಟೀನ್. ಗುಳಿಗೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಹೆಚ್ಚು ಉಂಡವರು ಬೇಗ ಚೇತರಿಸಿಕೊಂಡರು, ಕಡಿಮೆ ಉಂಡವರು ವಾರಗಟ್ಟಲೆ ಹಾಗೇ ಸೊರಗಿ ಕುಳಿತರು. ದಿನಕ್ಕೆ 4,000 ಕ್ಯಾಲೊರಿಯಷ್ಟು ಹಲವು ತಿಂಗಳು ಉಣ್ಣದೆ ಇಂಥವರು ಪೂರ್ತಿ ಎದ್ದುಕೊಳ್ಳಲಾರರೆಂದು ಕೀಸ್ ತೀರ್ಮಾನಿಸಿದರು. ಇಂದು ಪುಡಿಯ ಡಬ್ಬಿ ಮಾರುವವರು ಮೆಟಬಾಲಿಸಂ ಹೆಚ್ಚಿಸುತ್ತೇವೆಂದು ಹೇಳಿಕೊಳ್ಳುವಾಗ, ಈ 1945ರ ಪಾಠವನ್ನು ಅವರಿಗೆ ಯಾರಾದರೂ ಓದಿ ಹೇಳಬಾರದೆ?

ಇದಿರು ಮಾತೂ ಇದೆ. ಉಣ್ಣತೊಡಗಿದಾಗ ಮಿನ್ನೆಸೋಟದವರಲ್ಲಿ ಸ್ನಾಯುವಿಗಿಂತ ಮೊದಲು ಕೊಬ್ಬು ಮರಳಿತು. ಕೆಲವು ತಿಂಗಳು ಅವರು ಮೊದಲಿಗಿಂತ ದಪ್ಪವಾಗಿದ್ದರು, ಆಮೇಲೆ ಸರಿಹೋದರು. ಅಮೆರಿಕದ ಟೆಲಿವಿಷನ್ ಸ್ಪರ್ಧೆಯೊಂದರಲ್ಲಿ ಅತಿವೇಗವಾಗಿ ತೂಕ ಇಳಿಸಿದ 14 ಮಂದಿಯನ್ನು ಕೆವಿನ್ ಹಾಲ್ ಮತ್ತು ಸಂಗಡಿಗರು ಆರು ವರ್ಷಗಳ ಮೇಲೆ ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವರ ತೂಕದ ಬಹುಭಾಗ ಮರಳಿತ್ತು, ಆದರೂ ಅವರ ದೇಹ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಎಲ್ಲರಿಗೂ ಎಲ್ಲವೂ ಮೊದಲಿನಂತಾಗುತ್ತದೆಂದು ನಾನು ಹೇಳುವುದಿಲ್ಲ. ಕಡಿಮೆ ಉಂಡೇ ದಪ್ಪವಾದೆನೆಂಬ ಮಾತನ್ನೂ ನಂಬುವುದಿಲ್ಲ. ಖರ್ಚು ತಗ್ಗುವುದುಂಟು, ಆದರೆ ಬರಿಗೈಯಿಂದ ಉಳಿತಾಯವಾಗದು. ಎಲುಬು ಕಾಣುವಷ್ಟು ಸೊರಗಿದವರಂತೂ ಡಾಕ್ಟರನ್ನು ಕೇಳದೆ ಒಮ್ಮೆಗೇ ಉಣ್ಣಬಾರದು. ಬಹುದಿನ ಹಸಿದವರು ಹಠಾತ್ತನೆ ಉಂಡರೆ ರಕ್ತದ ಫಾಸ್ಫೇಟ್ ಕುಸಿದು ಪ್ರಾಣಕ್ಕೇ ಬರುವುದುಂಟು.

ನನ್ನ ಆಕ್ಷೇಪ ಹೊಗಳುವವರ ಮೇಲೆ. ಮೆಸ್ಸಿನಲ್ಲಿ ತಟ್ಟೆ ಬಿಟ್ಟೇಳುವವಳನ್ನು ‘ಎಷ್ಟು ಕಟ್ಟುನಿಟ್ಟು’ ಎನ್ನುತ್ತೇವೆ. ಎರಡನೆಯ ಮುದ್ದೆ ಕೇಳಿದವಳನ್ನು ನೋಡಿ ನಗುತ್ತೇವೆ. ವಾರ್ಷಿಕೋತ್ಸವದ ನೃತ್ಯಕ್ಕೆ ಹುಡುಗಿಯರನ್ನು ಆರಿಸುವಾಗ ಅಧ್ಯಾಪಕರೂ ಈ ಹೊಗಳಿಕೆಯಲ್ಲಿ ಪಾಲುಗೊಳ್ಳುವುದನ್ನು ವಿನಯಪೂರ್ವಕವಾಗಿ ನೆನಪಿಸುತ್ತೇನೆ. ನನ್ನ ಕೋಣೆಯ ಗೆಳತಿ ಎರಡು ತಿಂಗಳಿಂದ ರಾತ್ರಿಯೂಟ ಬಿಟ್ಟಿದ್ದಾಳೆ. ಅವಳಿಗೆ ನಾನೇ ಮಾದರಿಯಂತೆ.

ನಾನು ಉಣ್ಣಲು ಪ್ರಾರಂಭಿಸಿದ್ದು ಕಳೆದ ಆಷಾಢದಲ್ಲಿ. ಮೊದಲು ಬೆಳಿಗ್ಗೆ ಒಂದು ಇಡ್ಲಿ ಹೆಚ್ಚು, ಆಮೇಲೆ ಸಂಜೆಗೆ ಕಡಲೆಕಾಯಿ, ಆಮೇಲೆ ರಾತ್ರಿಗೆ ಮುದ್ದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆಯೆಂಬ ಲೆಕ್ಕ ಬಾಯಿಪಾಠವಾಗಿದ್ದುದರಿಂದ ಪ್ರತಿ ತುತ್ತಿಗೂ ಎದೆ ಡವಗುಟ್ಟುತ್ತಿತ್ತು. ಮೊದಲ ವಾರದಲ್ಲೇ ಒಂದೂವರೆ ಕಿಲೋ ಏರಿತು. ಸ್ನಾಯುಗಳಲ್ಲಿ ತುಂಬಿಕೊಳ್ಳುವ ಸಕ್ಕರೆ ತನ್ನ ಮೂರರಷ್ಟು ನೀರನ್ನು ಹಿಡಿದಿಡುತ್ತದೆ, ಇದರಲ್ಲಿ ಹೆಚ್ಚಿನದು ನೀರು ಎಂದು ಓದಿ ತಿಳಿದಿದ್ದೆ, ತಿಳಿದೂ ಅತ್ತೆ. ಮೂರನೆಯ ತಿಂಗಳಿಗೆ ಕೈ ಬೆಚ್ಚಗಾಯಿತು. ಐದನೆಯ ತಿಂಗಳಿಗೆ ಅಮ್ಮನಿಗೆ ಫೋನ್ ಮಾಡಿ ಅವರು ಕಾಯುತ್ತಿದ್ದ ಸುದ್ದಿ ಹೇಳಿದೆ. ಈಗ 54 ಕಿಲೋ ಇದ್ದೇನೆ. ಹಳೆಯ ರವಿಕೆಗಳನ್ನು ಸಡಿಲ ಮಾಡಿಸಲು ಬಸ್‌ಸ್ಟ್ಯಾಂಡಿನ ದರ್ಜಿಗೆ ಕೊಟ್ಟಿದ್ದೇನೆ, ಶುಕ್ರವಾರ ಬರಹೇಳಿದ್ದಾರೆ.