ಕುಯ್ಯೋ ಮುಂಚೆ ನಂಬರ್ ಓದ್ರಪ್ಪಾ!

ಈ ವಾರದ ಟಪಾಲಿನಲ್ಲಿ ಒಂದೇ ಒಂದು ಕಾಗದ ನನ್ನ ನಿದ್ದೆ ಕೆಡಿಸಿತು. ಯಾವ ನಾಯಕಿ ಯಾರ ಜೊತೆ ಓಡಾಡ್ತಿದ್ದಾಳೆ ಅನ್ನೋ ಮಾಮೂಲಿ ಪ್ರಶ್ನೆ ಅಲ್ಲ. ದಾವಣಗೆರೆಯ ಅಭಿಮಾನಿಯೊಬ್ಬರು ಬರೀತಾರೆ: "ಸಾರ್, ನಮ್ಮಪ್ಪ ಓಡಿಸ್ತಿದ್ದ ಪ್ರೀಮಿಯರ್ ಪದ್ಮಿನಿ ಮನೆ ಹಿಂದೆ ಹನ್ನೆರಡು ವರ್ಷದಿಂದ ನಿಂತಿದೆ. ಫ್ಲೋರು ತುಕ್ಕು ತಿಂದು ಕಾಲಿಟ್ಟರೆ ನೆಲ ಸಿಗುತ್ತೆ. ಹುಬ್ಬಳ್ಳಿಯಲ್ಲಿ ಇನ್ನೊಂದು ಪದ್ಮಿನಿ ಅಗ್ಗಕ್ಕೆ ಸಿಕ್ಕಿದೆ, ಓಡ್ತಾನೂ ಇದೆ. ಅದನ್ನು ಕುಯ್ದು ಇದಕ್ಕೆ ಹಾಕೋಣ ಅಂತಾರೆ ಗ್ಯಾರೇಜಿನವರು. ಕುಯ್ಯಲಾ, ಬೇಡವಾ?"

ತಾಳಿ ತಮ್ಮಾ! ಉತ್ತರಕ್ಕೆ ಮೊದಲು ಒಂದು ಕಥೆ. ಸಿನಿಮಾ ಕಥೆಯೇ.

1968ರಲ್ಲಿ ತೆರೆಕಂಡ 'ಬುಲಿಟ್' ಗೊತ್ತಲ್ಲ? ಸ್ಟೀವ್ ಮೆಕ್ವೀನ್, ಸ್ಯಾನ್ ಫ್ರಾನ್ಸಿಸ್ಕೋದ ಏರು-ಇಳಿಜಾರು ಬೀದಿಗಳು, ಹತ್ತು ನಿಮಿಷ ಮೀರಿದ ಕಾರ್ ಚೇಸ್! ಆ ಚಿತ್ರದ ಸಂಕಲನಕ್ಕೆ ಆಸ್ಕರೂ ಬಂತು. ಅದರಲ್ಲಿ ನುಗ್ಗಿದ್ದು ಹಸಿರು ಬಣ್ಣದ ಫೋರ್ಡ್ ಮಸ್ಟಾಂಗ್. ತೆರೆ ಮೇಲೆ ಒಂದೇ ಕಾರು, ಸೆಟ್ಟಿನಲ್ಲಿ ಎರಡು. ಒಂದು ಹೀರೋ ಕಾರು. ಇನ್ನೊಂದು ಹಾರಿ, ಬಿದ್ದು, ಏಟು ತಿನ್ನೋ ಡ್ಯೂಪ್!

ಹೀರೋ ಕಾರಿನದು ರಾಜಯೋಗ. 1974ರಲ್ಲಿ ಅದನ್ನು ಕೊಂಡ ಮನೆಯವರಿಗೆ 1977ರಲ್ಲಿ ಖುದ್ದು ಮೆಕ್ವೀನೇ ಕಾಗದ ಬರೆದು, ವಾಪಸ್ ಕೊಡ್ತೀರಾ ಅಂತ ಕೇಳಿದ. ಅವರು ಕೊಡಲಿಲ್ಲ. 2020ರ ಜನವರಿಯಲ್ಲಿ ಫ್ಲೋರಿಡಾದ ಹರಾಜಿನಲ್ಲಿ ಅದು ಕಮಿಷನ್ ಸೇರಿ 37.4 ಲಕ್ಷ ಡಾಲರಿಗೆ ಹೋಯಿತು!

ಡ್ಯೂಪಿನ ಗತಿ? ಗುಜರಿಗೆ ಹೋಗಿ ಮುಗಿದೇಹೋಯಿತು ಅಂತ ಎಲ್ಲರೂ ನಂಬಿದ್ದರು. ಆದರೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಒಬ್ಬಾತನ ಕೈಗೆ ತುಕ್ಕು ಹಿಡಿದ ಮಸ್ಟಾಂಗ್ ಒಂದು ಸಿಕ್ಕಿತು. ಅವನಿಗೂ ಅವನ ಪಾಲುದಾರನಿಗೂ ಬೇರೆಯದೇ ಕನಸು. 2000ದ 'ಗಾನ್ ಇನ್ ಸಿಕ್ಸ್ಟಿ ಸೆಕೆಂಡ್ಸ್' ಚಿತ್ರದಲ್ಲಿ ನಿಕೋಲಸ್ ಕೇಜ್ ಓಡಿಸಿದ 'ಎಲೆನಾರ್' ಇದೆಯಲ್ಲ, ಅದರ ನಕಲು ಮಾಡೋದು. ಅಷ್ಟರಲ್ಲಿ, 2017ರಲ್ಲಿ, ಕಾರಿನ ನಂಬರನ್ನು ಹಳೆಯ ದಾಖಲೆಗೆ ಹೋಲಿಸಿ ನೋಡಿದರೆ... ಅಯ್ಯಯ್ಯೋ, ಇದೇ ಬುಲಿಟ್ಟಿನ ಡ್ಯೂಪು! ಹೀರೋ ಕಾರಿನ ನಂಬರಿಗಿಂತ ಒಂದೇ ಒಂದು ಕಡಿಮೆ! ಒಂದು ಸಿನಿಮಾದ ನಕಲಿಗೋಸ್ಕರ ಇನ್ನೊಂದು ಸಿನಿಮಾದ ಅಸಲು ಬಲಿಯಾಗೋದು ಕೂದಲೆಳೆಯಲ್ಲಿ ತಪ್ಪಿತು.

ಎಲ್ಲ ಕಾರಿಗೂ ಈ ಅದೃಷ್ಟ ಇರೋದಿಲ್ಲ. 'ಡ್ಯೂಕ್ಸ್ ಆಫ್ ಹಜಾರ್ಡ್' ಟಿ.ವಿ. ಧಾರಾವಾಹಿಗೆ 1979ರಿಂದ 85ರವರೆಗೆ ಸುಮಾರು ಮುನ್ನೂರು ಡಾಡ್ಜ್ ಚಾರ್ಜರ್ ಕಾರು ಬೇಕಾದವು. ಹಾರಿಸಿದ ಕಾರು ಮತ್ತೆ ಕೆಲಸಕ್ಕೆ ಬರ್ತಾ ಇರಲಿಲ್ಲ. ಆಗ ಅವು ಬರೀ ಹಳೇ ಕಾರು. ಇವತ್ತು ಅದೇ ಚಾರ್ಜರಿಗೆ ಜನ ಮುಗಿಬೀಳ್ತಾರೆ!

ಈಗ ನಿಮ್ಮ ಪದ್ಮಿನಿಗೆ ಬರೋಣ. ಮುಂಬೈನ ಕುರ್ಲಾದಲ್ಲಿ ಫಿಯಟ್ 1100 ಅಂತ ಹುಟ್ಟಿ, 1974ರಲ್ಲಿ ಪದ್ಮಿನಿ ಅಂತ ಹೆಸರು ಪಡೆದ ಹುಡುಗಿ. ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು. 2023ರ ಅಕ್ಟೋಬರಿನಲ್ಲಿ ಮುಂಬೈ ಟ್ಯಾಕ್ಸಿಯಾಗಿಯೂ ಆಕೆಗೆ ವಿದಾಯ. ಒಂದನ್ನು ಕುಯ್ದರೆ ಒಂದು ಕಡಿಮೆ, ಅಷ್ಟೇ ಲೆಕ್ಕ.

ಇನ್ನೊಂದು ಮಾತು. ಪದ್ಮಿನಿಗೆ ಲಾರಿಯ ಹಾಗೆ ಚಾಸಿ ಬೇರೆ, ಬಾಡಿ ಬೇರೆ ಇಲ್ಲ. ಫ್ಲೋರೇ ಬೆನ್ನುಮೂಳೆ. ಅದನ್ನು ಕುಯ್ದು ತೆಗೆದರೆ ಹುಬ್ಬಳ್ಳಿ ಕಾರು ಮತ್ತೆ ಏಳೋದಿಲ್ಲ. ಹಾಗಂತ ಅಪ್ಪನ ಕಾರಿನ ನಂಬರ್ ಕಿತ್ತು ಹುಬ್ಬಳ್ಳಿ ಬಾಡಿಗೆ ಬೆಸೆಯೋಕೆ ಹೋಗಬೇಡಿ. ಅದು ರಿಪೇರಿ ಅಲ್ಲ, ಅಪರಾಧ!

ನನ್ನ ಅನುಭವವನ್ನೂ ಹೇಳಿಬಿಡ್ತೀನಿ. ನಮ್ಮ ಭಾವನವರ ಹಳೇ ಫಿಯಟ್ಟಿಗೋಸ್ಕರ ನಾವೂ ಹೀಗೇ ಓಡ್ತಿದ್ದ ಕಾರನ್ನು ತಂದು ಕುಯ್ದೆವು. ಬಾಗಿಲು, ಬಾನೆಟ್ಟು, ಎಂಜಿನ್ನು ಎಲ್ಲ ಬಿಚ್ಚಿ ಷೆಡ್ಡಿನಲ್ಲಿಟ್ಟೆವು. ಅರ್ಧ ದಾರಿಗೆ ದುಡ್ಡು ಖಾಲಿ. ಎರಡು ಮಳೆಗಾಲ ಕಳೆಯಿತು. ಕೊನೆಗೆ ಎರಡೂ ಕಾರು ಒಂದೇ ಲಾರಿಯಲ್ಲಿ ತೂಕದ ಲೆಕ್ಕಕ್ಕೆ ಹೋದವು. ಭಾವ ಆ ದಿನ ಊಟ ಮಾಡಲಿಲ್ಲ.

ಅದಕ್ಕೇ ನನ್ನ ತೀರ್ಪು: ಹುಬ್ಬಳ್ಳಿ ಕಾರನ್ನು ಕುಯ್ಯಬೇಡಿ. ಓಡೋ ಕಾರಿಗೆ ಆರ್.ಸಿ. ಬುಕ್ಕು ಸರಿಯಿದ್ದರೆ ಅದು ಬದುಕಿರೋ ಜೀವ. ಅಪ್ಪನ ಕಾರಿನ ಫ್ಲೋರಿಗೆ ಹೊಸ ತಗಡು ಬಡಿದು ವೆಲ್ಡ್ ಮಾಡೋ ಒಳ್ಳೇ ಟಿಂಕರ್ ಹುಡುಕಿ. ತಡವಾಗುತ್ತೆ, ಆದರೆ ಆಗುತ್ತೆ. ಬಾಗಿಲೋ ಗೇರ್ ಬಾಕ್ಸೋ ಬೇಕೇ ಬೇಕು ಅಂದರೆ ಅಪಘಾತದಲ್ಲಿ ಮುಖ ಜಜ್ಜಿಹೋಗಿ, ಇನ್ನು ರಸ್ತೆಗೆ ಇಳಿಯೋದೇ ಇಲ್ಲ ಅನ್ನೋ ಕಾರನ್ನು ನೋಡಿ. ಅದಕ್ಕೂ ಗರಗಸ ಇಡೋ ಮುಂಚೆ ನಂಬರ್ ಓದಿ, ಕಾಗದ ನೋಡಿ, ಕೆಲಸ ಮುಗಿಸೋವಷ್ಟು ದುಡ್ಡು ಕೈಯಲ್ಲಿದೆಯಾ ಎಣಿಸಿ.

ಹೀರೋ ಗೆಲ್ಲಲಿ, ಸರಿ. ಅದಕ್ಕೋಸ್ಕರ ಡ್ಯೂಪ್ ಸಾಯಲೇಬೇಕಾ? ಏನಂತೀರಿ?

ಮುಂದಿನ ವಾರ ಮತ್ತೆ ಸಿಗೋಣ!